ಚಾಂಪಿಯನ್ ಹೊಡೆದ ಸೊನ್ನೆ

ನಮ್ಮ ಕಂಪನಿಯ ಚಿಕ್ಕ ಮುದೀರರು ಯುರೋಪಿಗೆ ಹೋದಾಗಲೆಲ್ಲ ಏನಾದರೊಂದನ್ನು ತರುತ್ತಾರೆ. ಒಮ್ಮೆ ನಿಂತು ಕೆಲಸ ಮಾಡುವ ಮೇಜುಗಳನ್ನು ತಂದರು. ಸ್ವಲ್ಪ ದಿನಕ್ಕೆ ಅವುಗಳ ಎದುರು ಎತ್ತರದ ಸ್ಟೂಲುಗಳೂ ಬಂದವು. ಇನ್ನೊಮ್ಮೆ ಕಚೇರಿಯಲ್ಲಿ ಮೌನದ ಕೋಣೆಯೊಂದನ್ನು ಮಾಡಿಸಿದರು. ಊರಿಗೆ ಫೋನು ಮಾಡಿ ಗಟ್ಟಿಯಾಗಿ ಜಗಳವಾಡುವವರೆಲ್ಲ ಈಗ ಅಲ್ಲಿಗೇ ಹೋಗುತ್ತಾರೆ. ಕಳೆದ ಸಲ ಅವರು ತಂದದ್ದು ಒಬ್ಬ ಚಾಂಪಿಯನ್ನನ್ನು.

ಮುದೀರ್ ಎಂದರೆ ಮ್ಯಾನೇಜರು. ಕಂಪನಿಯ ಮಾಲೀಕರು ಒಬ್ಬ ವಯಸ್ಸಾದ ಶೇಖ್. ಸೌದಿಯ ಥುಕ್ಬಾದಲ್ಲಿ ಕಚೇರಿ, ಖೋಬರಿನ ಹೊರಗೆ ದೊಡ್ಡ ಯಾರ್ಡು, ಅದರ ತುಂಬ ಬಾಡಿಗೆಗೆ ಹೋಗುವ ಕ್ರೇನು ಮತ್ತು ಟ್ರೇಲರುಗಳು. ಇವೆಲ್ಲವನ್ನೂ ಅವರು ಸ್ವಂತ ದುಡಿಮೆಯಿಂದ ಕಟ್ಟಿದವರು. ಚಿಕ್ಕ ಮುದೀರರು ಅವರ ಮಗ. ನಾನು ನಮ್ಮ ಸೈನ್ಯದಲ್ಲಿ ದೈಹಿಕ ಶಿಕ್ಷಣದ ಹವಾಲ್ದಾರನಾಗಿದ್ದವನು. ನಿವೃತ್ತನಾಗಿ ಇಲ್ಲಿಗೆ ಬಂದು ಕಂಪನಿಯ ಕಾರ್ಮಿಕರ ಕ್ಯಾಂಪ್ ನೋಡಿಕೊಳ್ಳುತ್ತೇನೆ. ಹಾಸಿಗೆಯ ಚಾದರ ನೆಟ್ಟಗಿರಬೇಕು, ಚಪ್ಪಲಿಗಳು ಸಾಲಿನಲ್ಲಿರಬೇಕು, ಅನ್ನದ ಗಂಟೆ ಹೊಡೆದರೆ ಅನ್ನ ಬರಬೇಕು ಎನ್ನುವುದು ನನ್ನ ಒಟ್ಟು ತತ್ವಜ್ಞಾನ. ಕ್ಯಾಂಪಿನವರು ನನ್ನನ್ನು ಎದುರಿನಲ್ಲಿ ಮಾಸ್ಟ್ರು ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೆಂದು ನಾನು ವಿಚಾರಿಸಿಲ್ಲ.

ಚಾಂಪಿಯನ್ ಫ್ರಾನ್ಸಿನ ಒಬ್ಬ ಹೆಂಗಸು. ನಡುಪ್ರಾಯ ದಾಟಿದ್ದರೂ ಕಡ್ಡಿಯಂತೆ ನೆಟ್ಟಗಿನ ದೇಹ, ಗಾಳಿ ಬಿಸಿಲು ತಿಂದ ಮುಖ. ಅವರ ಆಟದ ಹೆಸರು ಬಯಾಥ್ಲಾನ್. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಗುಡ್ಡ ಹತ್ತಿಳಿದು ಓಡಬೇಕು; ಏದುಸಿರು ಬಿಡುತ್ತಾ ಬಂದು, ಬೆನ್ನಿನ ರೈಫಲ್ ಇಳಿಸಿ, ಐದು ಗುರಿಗಳಿಗೆ ಐದು ಗುಂಡು ಹೊಡೆಯಬೇಕು; ಮತ್ತೆ ಓಡಬೇಕು. ತಪ್ಪಿದ ಒಂದೊಂದು ಗುಂಡಿಗೂ ಪಕ್ಕದ ಸಣ್ಣ ಹಾದಿಯಲ್ಲಿ ಒಂದೊಂದು ದಂಡದ ಸುತ್ತು. ಹಾಗಾಗಿ ಆ ಆಟದ ಫಲಕದಲ್ಲಿ ಬರೆಯುವುದು ತಾಗಿದ ಗುಂಡಿನ ಲೆಕ್ಕವಲ್ಲ, ತಪ್ಪಿದ ಗುಂಡಿನ ಲೆಕ್ಕ. ಸೊನ್ನೆ ಬಂದರೆ ಎಲ್ಲವೂ ತಾಗಿತು ಎಂದರ್ಥ. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಕಂಪನಿಯಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ.

ಹಿಮದ ಆಟಕ್ಕೆ ಖೋಬರಿನಲ್ಲಿ ಏನು ಕೆಲಸ ಎಂದು ಕೇಳುವ ಅಧಿಕಾರ ನನಗಿರಲಿಲ್ಲ. ಕೇಳುವ ಅಧಿಕಾರವಿದ್ದವರು ಕೇಳಲಿಲ್ಲ. ಚಿಕ್ಕ ಮುದೀರರ ಯೋಜನೆ ಹೀಗಿತ್ತು: ಯಾರ್ಡಿನ ಒಂದು ಮೂಲೆಯಲ್ಲಿ ಡಾಂಬರು ಹಾದಿ, ಹಿಮದ ಸ್ಕೀ ಬದಲು ಗಾಲಿಯ ಸ್ಕೀ, ಗುಂಡಿನ ಬದಲು ಬೆಳಕು ಹಾರಿಸುವ ಲೇಸರ್ ರೈಫಲ್. ಜಾಹೀರಾತಿಗಾಗಿ ಮಾಡಿಸಿದ ದೊಡ್ಡ ಚಿತ್ರದಲ್ಲಿ ಚಾಂಪಿಯನ್ ಹಿಮದಲ್ಲಿ ಜಾರುತ್ತಿದ್ದರು, ಅವರ ಪಕ್ಕದಲ್ಲಿ ಒಂಟೆಯೊಂದು ಜಾರುತ್ತಿತ್ತು. ಒಂಟೆಯ ಕಾಲಿಗೂ ಸ್ಕೀ ಇತ್ತು.

"ಒಂಟೆಗೆ ನಾಲ್ಕು ಕಾಲು ಉಂಟು, ಸ್ಕೀ ಎರಡೇ ಹಾಕಿದ್ದಾರಲ್ಲ ಮಾರಾಯ್ರೆ?" ಎಂದು ನಾನು ಪ್ರಚಾರ ವಿಭಾಗದವರನ್ನು ಕೇಳಿದೆ. ಅವರು ಮಂಗಳೂರಿನ ಕ್ರೈಸ್ತರು, ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ.

"ಹಿಂದಿನ ಕಾಲು ಹಿಮದ ಒಳಗೆ ಹೋಗಿದೆ ಮಾಸ್ಟ್ರೇ," ಎಂದರು ಅವರು ತಡೆಯದೆ. "ನೀವು ಆರ್ಮಿಯವರು, ಎಲ್ಲ ಎಣಿಸ್ತೀರಿ."

ಚಾಂಪಿಯನ್ನರ ಇಕಾಮಾ, ಅಂದರೆ ವಾಸದ ಪರವಾನಗಿ, ಆಗುವಾಗ ಇನ್ನೊಂದು ತಮಾಷೆಯಾಯಿತು. ಕಂಪನಿಯ ಟ್ರೇಲರುಗಳು ಅಲ್ ಖರ್ಜಿನ ಹಾಲಿನ ಫಾರಂಗಳಿಗೆ ಓಡುತ್ತವೆ. ಆ ಲೆಕ್ಕದಲ್ಲಿ ಕೈಯಲ್ಲಿ ಉಳಿದಿದ್ದ ಒಂದೇ ವೀಸಾ ಹೈನುಗಾರಿಕೆಯದ್ದು. ಹೀಗೆ ಹಿಮದ ನಾಡಿನ ಚಾಂಪಿಯನ್ ಸೌದಿಯ ಕಾಗದದಲ್ಲಿ ಹಾಲು ಕರೆಯುವ ಸಹಾಯಕಿಯಾದರು. ನಾನು ಸಂಕೋಚದಿಂದಲೇ ತಿಳಿಸಿದೆ. ಅವರು ನಕ್ಕುಬಿಟ್ಟರು.

"ನನ್ನ ಅಪ್ಪ ದನ ಸಾಕುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನ್ನ ಬಗ್ಗೆ ಸರಕಾರ ನಿಜ ಬರೆದಿದೆ," ಎಂದರು. "ನಿಮ್ಮ ಇಕಾಮಾದಲ್ಲಿ ಏನಿದೆ?"

"ಬಡಗಿ," ಎಂದೆ. ನನಗೆ ಒಂದು ಮೊಳೆ ಹೊಡೆಯಲು ಬರುವುದಿಲ್ಲ. ಅಂದಿನಿಂದ ನಮ್ಮಿಬ್ಬರಿಗೂ ಸರಿಹೋಯಿತು.

ಅವರನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನಗೆ ಬಂದದ್ದು ನನಗೆ ರೈಫಲ್ ಗೊತ್ತಿದೆ ಎಂಬ ಕಾರಣಕ್ಕೆ. ಬೆಳಕು ಹರಿಯುವ ಮೊದಲು ನಾನು ಗಾಡಿ ತಂದು ನಿಲ್ಲಿಸುವಾಗ ಅವರು ಬೂಟು ಬಿಗಿದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಈ ದೇಶದಲ್ಲಿ ನನಗಿಂತ ಮೊದಲೇ ಬಂದು ಕಾಯುವ ಮನುಷ್ಯರನ್ನು ನಾನು ಅದೇ ಮೊದಲು ನೋಡಿದ್ದು. ಅಭ್ಯಾಸ ಮುಗಿದ ಮೇಲೆ ನಮ್ಮ ಮನೆಯಲ್ಲಿ ಗಂಜಿ. ಉಂಡ ಬಟ್ಟಲು ತೊಳೆದಿಟ್ಟು, ಕುರ್ಚಿಯನ್ನು ಮೇಜಿನೊಳಗೆ ಸರಿಸಿಯೇ ಅವರು ಹೊರಡುತ್ತಿದ್ದರು.

ನನ್ನ ಹೆಂಡತಿ ಎರಡು ದಿನ ನೋಡಿದಳು. ಮೂರನೆಯ ದಿನ ಹೇಳಿದಳು: "ಹೋಯ್, ಇಷ್ಟು ಪ್ರಾಯ ಆದ ಮೇಲೆ ನಿಮಗೆ ಸರಿಯಾದ ಜೋಡಿ ಸಿಕ್ಕಿತು. ಇಬ್ಬರೂ ಒಬ್ಬರಿಗೊಬ್ಬರು ಸೆಲ್ಯೂಟ್ ಹೊಡ್ಕೊಂಡು ಇರಿ. ನಾನು ಊರಿಗೆ ಹೋಗ್ತೇನೆ."

ಹೆಂಡತಿ ಊರಿನಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅವಳಿಗೂ ಅರಬಿ ಅಂಕಿಗಳಿಗೂ ಯುದ್ಧ ನಡೆಯುತ್ತಿತ್ತು. ಅರಬಿಯಲ್ಲಿ ಐದನ್ನು ಬರೆಯುವುದು ನಮ್ಮ ಸೊನ್ನೆಯ ಹಾಗೆ, ದುಂಡಗೆ. ಸೊನ್ನೆಯನ್ನು ಬರೆಯುವುದು ಬರೀ ಒಂದು ಚುಕ್ಕೆ. ನಮ್ಮ ಮನೆಯ ಬಾಗಿಲ ಮೇಲೆ ಐದು ಎಂದು ಬರೆದಿದೆ. ಅವಳು ಊರಿನವರಿಗೆಲ್ಲ ಫೋನಿನಲ್ಲಿ, "ನಮ್ಮದು ಸೊನ್ನೆ ನಂಬ್ರದ ಮನೆ, ಇವರ ಇಷ್ಟು ವರ್ಷದ ಸಂಪಾದನೆ ಬಾಗಿಲಲ್ಲೇ ಬರೆದಿಟ್ಟಿದ್ದಾರೆ," ಎಂದು ಹೇಳುತ್ತಿದ್ದಳು. ನಾನು ತಿದ್ದಿದರೆ, "ಸೊನ್ನೆಯನ್ನು ಐದು ಅಂತ ಓದುವ ಊರಿನಲ್ಲಿ ನೀವು ಶಿಸ್ತು ಕಲಿಸ್ಲಿಕ್ಕೆ ಬಂದದ್ದು," ಎನ್ನುತ್ತಿದ್ದಳು.

ಚಾಂಪಿಯನ್ ತಮ್ಮ ಕಥೆಯನ್ನು ಹೇಳಿದ್ದು ಹೆಚ್ಚಾಗಿ ಗಾಡಿಯಲ್ಲಿ, ತುಂಡು ತುಂಡಾಗಿ, ಇಬ್ಬರದೂ ಹರಕು ಇಂಗ್ಲಿಷಿನಲ್ಲಿ. ಅವರು ಹುಟ್ಟಿದ್ದು ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಚಳಿಗಾಲದಲ್ಲಿ ಶಾಲೆಗೆ ಹೋಗುವುದೇ ಸ್ಕೀ ಕಟ್ಟಿಕೊಂಡು. ಚೆನ್ನಾಗಿ ಓಡುತ್ತಾಳೆ ಎಂದು ಸೈನ್ಯದವರು ಸೇರಿಸಿಕೊಂಡರು. ಅಲ್ಲಿ ಅವರಿಗೆ ಓಡುವುದೇ ಕೆಲಸ. ನಮ್ಮ ಸೈನ್ಯದಲ್ಲಿ ಕಾಲು ಜಾರಿದರೆ ಶಿಕ್ಷೆ, ಅವರ ಸೈನ್ಯದಲ್ಲಿ ಜಾರಿದರೆ ಬಡ್ತಿ. ಅವರ ಕೊನೆಯ ದರ್ಜೆಯನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿದೆ. ಸುಬೇದಾರರಿಗೆ ಸಮ ಬಂತು. ಅಂದರೆ ನನಗಿಂತ ಮೇಲೆ. ಅಂದಿನಿಂದ ಗಾಡಿಯ ಬಾಗಿಲನ್ನು ನಾನೇ ತೆಗೆದು ಹಿಡಿಯುತ್ತಿದ್ದೆ. ಅವರು ನನ್ನಿಂದ ನಮ್ಮ ಕವಾಯತಿನ ಸಾವಧಾನ್, ವಿಶ್ರಾಮ್ ಎಂಬ ಎರಡು ಮಾತು ಕಲಿತುಕೊಂಡರು.

"ಓಡುವುದು ಕಷ್ಟವಲ್ಲ, ಹೊಡೆಯುವುದೂ ಕಷ್ಟವಲ್ಲ," ಎಂದು ಒಮ್ಮೆ ಹೇಳಿದರು. "ಓಟದಿಂದ ಹೊಡೆತಕ್ಕೆ ಬರುವುದು ಕಷ್ಟ. ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆ ಎರಡು ಬಡಿತಗಳ ನಡುವೆ ಒಂದು ಸಣ್ಣ ಜಾಗ ಇರುತ್ತದೆ. ಅಲ್ಲಿ ಬೆರಳು ಒತ್ತಬೇಕು."

ಒಂದು ದೊಡ್ಡ ಸ್ಪರ್ಧೆಯಲ್ಲಿ ಅವರು ಎಲ್ಲರಿಗಿಂತ ಮುಂದೆ ಬಂದು, ಕೊನೆಯ ಐದು ಗುಂಡುಗಳನ್ನು ಒಂದೂ ತಪ್ಪದಂತೆ ಹೊಡೆದರಂತೆ. ಆದರೆ ಹೊಡೆದದ್ದು ಪಕ್ಕದ ಸಾಲಿನ ಗುರಿಗಳಿಗೆ. ಫಲಕದಲ್ಲಿ ಐದು ಎಂದು ಬಂತು. ಸಾವಿರಾರು ಜನರ ಎದುರು ಒಬ್ಬರೇ ಐದು ದಂಡದ ಸುತ್ತು ಓಡಿದರು. ಮರು ವರ್ಷ ಅದೇ ಸ್ಪರ್ಧೆಯಲ್ಲಿ ಎಲ್ಲ ಸಲವೂ ಸೊನ್ನೆ ಹೊಡೆದು ಚಿನ್ನ ಗೆದ್ದರು.

"ಚಿನ್ನ ಗೆದ್ದ ಮೇಲೆ?" ಎಂದು ಕೇಳಿದೆ.

"ಚೀಸಿನ ಜಾಹೀರಾತು," ಎಂದರು.

ನಿವೃತ್ತಿಯ ನಂತರದ ಅವರ ಬದುಕು ನನಗೆ ಹೆಚ್ಚು ವಿಚಿತ್ರವಾಗಿ ಕಂಡಿತು. ಅವರಿಗೆ ಇದ್ದ ಆಸೆ ಒಂದೇ, ಹುಡುಗಿಯರಿಗೆ ಆಟ ಕಲಿಸುವುದು. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಜನ ಅವರಿಂದ ಮಾಡಿಸಿಕೊಂಡರು. ಅಂಗಡಿಗಳ ರಿಬ್ಬನ್ ಕತ್ತರಿಸಿದರು. ಟಿವಿಯಲ್ಲಿ ಕೂತು ಬೇರೆಯವರ ಓಟಕ್ಕೆ ಮಾತು ಜೋಡಿಸಿದರು. ಬ್ಯಾಂಕಿನ ಗುಮಾಸ್ತರಿಗೆ ಗುರಿ ಎಂದರೇನು, ಉಸಿರು ಎಂದರೇನು ಎಂದು ಭಾಷಣ ಮಾಡಿದರು. ಕಲಿಸುವ ಜಾಗಗಳೆಲ್ಲ ಇನ್ನೂ ಚಿಕ್ಕ ಪ್ರಾಯದವರಿಗೆ ಹೋದವು. ಅಷ್ಟರಲ್ಲಿ ಅವರ ಹಳ್ಳಿಯಲ್ಲಿ ಹಿಮ ಬೀಳುವುದೂ ಕಡಿಮೆಯಾಗಿ, ಅಲ್ಲಿನ ಮಕ್ಕಳೂ ಗಾಲಿ ಕಟ್ಟಿಕೊಂಡು ಡಾಂಬರಿನ ಮೇಲೆ ಓಡತೊಡಗಿದರು.

"ಹಾಗಾದರೆ ಹಿಮವೇ ಇಲ್ಲದ ದೇಶಕ್ಕೆ ಹೋಗೋಣ ಎಂದುಕೊಂಡೆ. ಇಲ್ಲಿ ಹಿಮ ಬೀಳಲಿಲ್ಲ ಎಂದು ಯಾರೂ ಬೇಸರ ಮಾಡುವುದಿಲ್ಲ," ಎಂದರು.

ಚಿಕ್ಕ ಮುದೀರರು ಅವರಿಗೆ ಹುಡುಗಿಯರ ತರಗತಿಯೊಂದರ ಮಾತು ಕೊಟ್ಟಿದ್ದರು. ಯಾರ್ಡಿನ ಆಚೆ ಬದಿಯ ಮನೆಗಳ ಹುಡುಗಿಯರು ಸಂಜೆ ಬೇಲಿಯ ಹತ್ತಿರ ಬಂದು ಇವರ ಗಾಲಿ ಸ್ಕೀ ನೋಡಿಕೊಂಡು ನಿಲ್ಲುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವಳು ಶೇಖರ ಮೊಮ್ಮಗಳು, ಮಗಳ ಮಗಳು, ಶಾಲೆಗೆ ಹೋಗುವ ಹುಡುಗಿ. ಅವಳಿಗೆ ಪ್ರಶ್ನೆಗಳೇ ಮುಗಿಯುತ್ತಿರಲಿಲ್ಲ. ಚಾಂಪಿಯನ್ನರಿಗೆ ಉತ್ತರವೂ ಮುಗಿಯುತ್ತಿರಲಿಲ್ಲ. ಆದರೆ ತರಗತಿಗೆ ಜಾಗ ಮತ್ತು ಹಣ ಕೊಡಬೇಕಾದವರು ಶೇಖ್. ಅವರು ಹೇಳಿದ್ದು ಇಷ್ಟೇ: "ಉದ್ಘಾಟನೆಗೆ ಬರುತ್ತೇನೆ. ಅವರು ಹೊಡೆಯುವುದನ್ನು ನೋಡುತ್ತೇನೆ. ಚೆನ್ನಾಗಿ ಹೊಡೆದರೆ ತರಗತಿ. ಇಲ್ಲದಿದ್ದರೆ ಆ ಮೂಲೆಯಲ್ಲಿ ಕ್ರೇನು ನಿಲ್ಲಿಸುತ್ತೇನೆ."

ಕಷ್ಟಪಟ್ಟು ಮೇಲೆ ಬಂದವರ ಮಾತು. ನನಗೆ ನ್ಯಾಯವಾಗಿಯೇ ಕಂಡಿತು.

ಉದ್ಘಾಟನೆಗೆ ಮೊದಲು ಚಿಕ್ಕ ಮುದೀರರು ಚಾಂಪಿಯನ್ನರಿಂದ ಕಚೇರಿಯವರಿಗೆ ಭಾಷಣ ಮಾಡಿಸಿದರು. ದಂಡದ ಸುತ್ತಿನ ವಿಷಯ ಕೇಳಿ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ತಡವಾಗಿ ಬರುವ ನೌಕರರು ಗಾಡಿ ನಿಲ್ಲಿಸುವ ಜಾಗಕ್ಕೆ ಒಂದು ಸುತ್ತು ಓಡಬೇಕೆಂದು ಮರುದಿನವೇ ಆಜ್ಞೆ ಮಾಡಿದರು. ಮೇಲ್ವಿಚಾರಣೆ ನನಗೆ. ಮೊದಲ ವಾರ ಒಂದು ದಿನವೂ ತಪ್ಪಿಸದೆ ತಡವಾಗಿ ಬಂದವರು ಚಿಕ್ಕ ಮುದೀರರೊಬ್ಬರೇ. ಆಜ್ಞೆ ಹಾಗೇ ಗಾಳಿಗೆ ಹೋಯಿತು.

ಫಲಕವನ್ನು ತರಿಸಿದವರು ಪ್ರಚಾರದವರು. ನಿಜವಾದ ಸ್ಪರ್ಧೆಯಲ್ಲಿ ಇರುವ ಹಾಗೆಯೇ ಇರಬೇಕು ಎಂದು ಚಾಂಪಿಯನ್ ಹಟ ಹಿಡಿದಿದ್ದರು. ಹಾಗೆಯೇ ಆಯಿತು: ತಪ್ಪಿದ ಲೆಕ್ಕ ಮಾತ್ರ, ದೊಡ್ಡ ಕೆಂಪು ದೀಪದ ಅಂಕಿಯಲ್ಲಿ. ಶೇಖ್ ಓದಬೇಕಲ್ಲ ಎಂದು ಅಂಕಿ ಅರಬಿಯದ್ದು.

"ನೋಡುವವರಿಗೆ ಈ ಲೆಕ್ಕ ತಿಳಿದಿದೆಯಾ ಮಾರಾಯ್ರೆ?" ಎಂದು ಕೇಳಿದೆ.

"ಕರಪತ್ರದಲ್ಲಿ ಉಂಟು ಮಾಸ್ಟ್ರೇ. ಒಂಟೆಯ ಕೆಳಗೆ."

ಸೂರ್ಯ ಇಳಿದ ಮೇಲೆ ಕಾರ್ಯಕ್ರಮ ಇಡಿ, ಗುರಿಯ ದೀಪಗಳು ಆಗ ಮಾತ್ರ ಎಲ್ಲರಿಗೂ ಕಾಣುತ್ತವೆ ಎಂದು ಚಾಂಪಿಯನ್ ಹೇಳಿದ್ದರು. ವೀಡಿಯೊಗೆ ಮಧ್ಯಾಹ್ನದ ಬೆಳಕೇ ಚೆಂದ ಎಂದು ಚಿಕ್ಕ ಮುದೀರರು ಹೇಳಿದರು. ಹಾಗಾಗಿ ಮಧ್ಯಾಹ್ನದ ನಂತರದ ಅಸರ್ ನಮಾಜು ಮುಗಿದ ಕೂಡಲೇ, ಇನ್ನೂ ಸುಡುವ ಬಿಸಿಲಿನಲ್ಲಿ, ಉದ್ಘಾಟನೆ ಶುರುವಾಯಿತು. ಹಿಮದ ಬದಲಿಗೆ ಸೋಪಿನ ನೊರೆ ಹಾರಿಸುವ ಯಂತ್ರ ತಂದಿದ್ದರು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ಯಾರೂ ನೋಡಿರಲಿಲ್ಲ. ಮುಂದಿನ ಸಾಲಿನ ಗಣ್ಯರ ಕಹ್ವಾ ಕಾಫಿಯ ಲೋಟಗಳಿಗೆಲ್ಲ ನೊರೆ ಬಿತ್ತು. ಖರ್ಜೂರದ ತಟ್ಟೆಯ ಮೇಲೆ ಚೆಂದದೊಂದು ಹಿಮಾಲಯ ಎದ್ದಿತು. ಹಿಂದಿನ ಕುರ್ಚಿಗಳು ಖಾಲಿ ಕಾಣಬಾರದು ಎಂದು ನಮ್ಮ ಊರಿನ ಸಂಸಾರಗಳನ್ನೆಲ್ಲ ಕರೆತಂದು ಕೂರಿಸಿದ್ದರು. ಹೆಂಗಸರ ನಡುವೆ ನನ್ನ ಹೆಂಡತಿ ಕರಪತ್ರದಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಳು. ಎಲ್ಲರೂ ಕರಪತ್ರವನ್ನು ಅದಕ್ಕೇ ಬಳಸುತ್ತಿದ್ದರು.

ಚಾಂಪಿಯನ್ ಗಾಲಿ ಸ್ಕೀ ಮೇಲೆ ಎರಡು ಸುತ್ತು ಬಂದರು. ಆ ಪ್ರಾಯದಲ್ಲಿ ಆ ಓಟ ನೋಡಿ ನಾನು ನನಗೆ ಗೊತ್ತಿಲ್ಲದೆಯೇ ಎದ್ದು ನಿಂತೆ. ಬೆನ್ನಿನಿಂದ ರೈಫಲ್ ಇಳಿಸಿದರು, ನಿಂತರು, ಭುಜ ಒಮ್ಮೆ ಎದ್ದು ಇಳಿಯಿತು. ಐದು ಸಲ ಬೆರಳು ಆಡಿತು. ನಾನು ಗುರಿಗಳ ಹತ್ತಿರವೇ ನಿಂತಿದ್ದೆ. ಐದು ದೀಪಗಳೂ ಹಸಿರಾದದ್ದನ್ನು ಕಣ್ಣಾರೆ ಕಂಡೆ. ಶಾಮಿಯಾನದ ಕೆಳಗಿದ್ದವರಿಗೆ ಬಿಸಿಲಿನ ಝಳದಲ್ಲಿ ದೀಪ ಕಾಣುವಂತಿರಲಿಲ್ಲ. ಅವರಿಗೆ ಕಂಡದ್ದು ಫಲಕ ಮಾತ್ರ. ಅದರಲ್ಲಿ ಒಂದು ಕೆಂಪು ಚುಕ್ಕೆ.

"ಸಿಫ್ರ್!" ಎಂದು ಮೈಕು ಹಿಡಿದ ಯುವಕ ಕೂಗಿದ. ಸಿಫ್ರ್ ಎಂದರೆ ಸೊನ್ನೆ. ಆಟ ಗೊತ್ತಿಲ್ಲದ, ಬಾಡಿಗೆಗೆ ತಂದ ನಿರೂಪಕ. ಅವನ ದನಿಯಲ್ಲಿ ಮರುಕವಿತ್ತು.

ಚಾಂಪಿಯನ್ ಎರಡೂ ಕೈ ಎತ್ತಿ, ಮುಖದ ತುಂಬ ನಕ್ಕರು. ಅವರ ಲೋಕದಲ್ಲಿ ಅದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ಸಭೆ ಸ್ತಬ್ಧವಾಗಿತ್ತು. ಒಂದೂ ತಾಗದಿದ್ದರೂ ಈ ಹೆಂಗಸು ಕೈ ಎತ್ತಿ ಕುಣಿಯುತ್ತಿದ್ದಾರಲ್ಲ ಎಂದು ಗಣ್ಯರು ನೆಲ ನೋಡಿದರು. ಆ ಮೌನವನ್ನು ಅವರು ಗೌರವವೆಂದು ತಿಳಿದು ಇನ್ನೂ ಸ್ವಲ್ಪ ಹೊತ್ತು ಕೈ ಎತ್ತಿಯೇ ಇದ್ದರು.

ಅಷ್ಟರಲ್ಲಿ ಚಿಕ್ಕ ಮುದೀರರು ವೀಡಿಯೊಗಾಗಿ ತಾವೂ ರೈಫಲ್ ಎತ್ತಿದರು. ಎರಡೂ ಕಣ್ಣು ಮುಚ್ಚಿ ಹೊಡೆದರು. ಒಂದು ದೀಪವೂ ಹಸಿರಾಗಲಿಲ್ಲ. ಫಲಕದಲ್ಲಿ ದೊಡ್ಡದಾಗಿ, ದುಂಡಗೆ, ಐದು ಮೂಡಿತು.

"ಖಂಸಾ!" ನಿರೂಪಕ ಕುಣಿದುಬಿಟ್ಟ. "ಐದಕ್ಕೆ ಐದು!"

"ಮಾಶಾಅಲ್ಲಾ!" ಶೇಖ್ ಕೋಲು ಊರಿ ಎದ್ದರು. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಚಿಕ್ಕ ಮುದೀರರು ಮೊದಲು ಬೆರಗಾದರು, ಆಮೇಲೆ ನಂಬಿದರು. ತನ್ನ ಬಗ್ಗೆ ಒಳ್ಳೆಯ ಮಾತನ್ನು ನಂಬಲು ಮನುಷ್ಯನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಶೇಖ್ ಮಗನನ್ನು ತಬ್ಬಿಕೊಂಡು ಎಲ್ಲರೆದುರೇ ಹೇಳಿದರು: "ನನ್ನ ಮಗ ಚಾಂಪಿಯನ್ನರನ್ನು ಸೋಲಿಸಿದ. ಇನ್ನು ಹೊರಗಿನವರು ಏಕೆ? ತರಗತಿ ಮಾಡುವುದಾದರೆ ಇವನೇ ಮಾಡಲಿ. ಆ ತಾಯಿ ದೂರದಿಂದ ಬಂದಿದ್ದಾರೆ, ಅವರನ್ನು ಗೌರವದಿಂದ ಕಳಿಸಿಕೊಡಿ."

ನಾನು ಅದನ್ನು ಇಂಗ್ಲಿಷಿಗೆ ತಂದು ಹೇಳುವಾಗ ಚಾಂಪಿಯನ್ನರ ಕೈಗಳು ಇಳಿದವು. ಅವರು ಫಲಕ ನೋಡಿದರು, ಶೇಖರನ್ನು ನೋಡಿದರು. ಬೇಲಿಯ ಹತ್ತಿರ ಮೊಮ್ಮಗಳು ನಿಂತಿದ್ದಳು, ಅವಳನ್ನೂ ನೋಡಿದರು. ಆಮೇಲೆ ಬಗ್ಗಿ ಗಾಲಿ ಸ್ಕೀ ಬಿಚ್ಚತೊಡಗಿದರು.

ಗಾಡಿಯಲ್ಲಿ ನಾನು ಕುದಿಯುತ್ತಿದ್ದೆ. "ನಾಳೆ ಬೆಳಿಗ್ಗೆ ಶೇಖರ ಹತ್ತಿರ ಹೋಗಿ ಲೆಕ್ಕ ಸರಿಮಾಡುತ್ತೇನೆ. ನೀವು ಹೊಡೆದದ್ದು ಎಲ್ಲ ತಾಗಿದೆ, ಅವರ ಮಗ ಹೊಡೆದದ್ದು ಎಲ್ಲ ತಪ್ಪಿದೆ. ಇದು ಬರೀ ಓದುವ ತಪ್ಪು."

"ಅಪ್ಪ ಏನು ಮಾಡುತ್ತಾರೆ?"

"ಮಗನನ್ನು ಬೈಯುತ್ತಾರೆ."

"ಆಮೇಲೆ?"

ನಾನು ಯೋಚಿಸಿದೆ. ಅಷ್ಟು ಜನರೆದುರು ಅಪ್ಪನೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಾರೆ. ನಾಚಿಕೆಯಾದ ಮೇಲೆ ಆ ಮೂಲೆಯಲ್ಲಿ ಕ್ರೇನು ಬಂದು ನಿಲ್ಲುತ್ತದೆ. ಆದರೂ ಸುಳ್ಳು ಲೆಕ್ಕ ಹಾಗೇ ಉಳಿಯಬಾರದು ಎಂದು ವಾದಿಸಿದೆ.

ಮನೆಗೆ ಬಂದರೆ ಹೆಂಡತಿ ಆಗಲೇ ಬಂದು ಕಾಯುತ್ತಿದ್ದಳು. "ಎಂತ ಜನ ಮಾರಾಯ್ರೆ ಇವರು!" ಎಂದು ಬಾಗಿಲಲ್ಲೇ ಶುರುಮಾಡಿದಳು. "ಆ ಹುಡುಗನಿಗೆ ಅಷ್ಟು ದೊಡ್ಡ ಸೊನ್ನೆ ಬಂದಿದೆ, ಅದಕ್ಕೆ ಎದ್ದು ನಿಂತು ಚಪ್ಪಾಳೆ! ನಾವು ಹಿಂದೆ ಕೂತವರೆಲ್ಲ ನಗಾಡಿ ನಗಾಡಿ ಸಾಕಾಯ್ತು. ಅಪ್ಪನ ದುಡ್ಡು ಇದ್ದರೆ ಸೊನ್ನೆಗೂ ಚಪ್ಪಾಳೆ ಬೀಳ್ತದೆ."

"ಮತ್ತೆ ಇವರದ್ದು?" ಎಂದು ಚಾಂಪಿಯನ್ನರನ್ನು ತೋರಿಸಿ ಕೇಳಿದೆ.

"ಇವರದ್ದು ಬರಲೇ ಇಲ್ಲ ಅಲ್ವಾ? ಬೋರ್ಡು ಹಾಳಾಗಿರ್ಬೇಕು. ಒಂದು ನೊಣ ಕೂತಿತ್ತು, ಅಷ್ಟೇ."

ಅರಬಿ ಬಲ್ಲವರೆಲ್ಲ ಅಂಕಿಯನ್ನು ಸರಿಯಾಗಿ ಓದಿ ತಪ್ಪು ತಿಳಿದಿದ್ದರು. ನನ್ನ ಹೆಂಡತಿ ಅಂಕಿಯನ್ನು ತಪ್ಪಾಗಿ ಓದಿ ನಿಜ ತಿಳಿದಿದ್ದಳು. ನಾನು ಇದನ್ನು ಚಾಂಪಿಯನ್ನರಿಗೆ ಬಿಡಿಸಿ ಹೇಳಿದೆ. ಅವರು ಗೋಡೆಗೆ ಒರಗಿ ನಗತೊಡಗಿದವರು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. "ನೊಣ," ಎಂದು ಆ ಪದವನ್ನು ಬಾಯಲ್ಲಿ ಹೊರಳಿಸಿದರು. "ನೊಣ. ಬಹಳ ಚೆನ್ನಾಗಿದೆ."

"ನಾಳೆ ನಾನು ಶೇಖರ ಹತ್ತಿರ..." ಎಂದು ನಾನು ಮತ್ತೆ ತೆಗೆದೆ.

ಅವರು ನೆಟ್ಟಗಾದರು. "ಹವಾಲ್ದಾರ್, ಸಾವಧಾನ್!"

ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿದವು. ಇಷ್ಟು ವರ್ಷದ ಅಭ್ಯಾಸ.

"ಚಿನ್ನ ನನ್ನ ಹತ್ತಿರ ಇದೆ. ಅದರಿಂದ ಏನು ಸಿಗುತ್ತದೆಂದು ನನಗೆ ಗೊತ್ತು, ಚೀಸು ಸಿಗುತ್ತದೆ. ನನಗೆ ಬೇಕಾದದ್ದು ತರಗತಿ. ನೀವು ಶೇಖರ ಹತ್ತಿರ ಹೋಗಬಾರದು. ನಾಳೆ ಚಿಕ್ಕ ಮುದೀರರನ್ನು ಯಾರ್ಡಿಗೆ ಕರೆತನ್ನಿ. ಬೇರೆ ಯಾರೂ ಇರಬಾರದು. ವಿಶ್ರಾಮ್."

"ಅಬ್ಬ, ಇಷ್ಟು ವರ್ಷಕ್ಕೆ ಒಬ್ಬರು ಸಿಕ್ಕಿದರು, ಇವರನ್ನು ನಿಲ್ಲಿಸ್ಲಿಕ್ಕೆ," ಎಂದಳು ಹೆಂಡತಿ ಒಳಗಿನಿಂದ.

ಮರುದಿನ ಚಿಕ್ಕ ಮುದೀರರು ಹೊಸ ಟೋಪಿ ಹಾಕಿಕೊಂಡು ಬಂದರು. ಮುಖ್ಯ ತರಬೇತುದಾರ ಎಂದು ಅದರ ಮೇಲೆ ಬರೆಸಿಯೂ ಆಗಿತ್ತು. ಚಾಂಪಿಯನ್ ಬಹಳ ವಿನಯದಿಂದ ರೈಫಲ್ ಕೊಟ್ಟು, "ನಿನ್ನೆಯದನ್ನೇ ಇನ್ನೊಮ್ಮೆ ತೋರಿಸಿ," ಎಂದರು. ಅವರು ಹೊಡೆದರು. ಐದು ಬಂತು. "ಯಲ್ಲಾ!" ಎಂದು ಅವರು ಕೈ ಎತ್ತಿದರು.

"ಈಗ ಗುರಿಗಳ ಹತ್ತಿರ ಹೋಗಿ ನೋಡೋಣ," ಎಂದರು ಚಾಂಪಿಯನ್.

ದೀಪಗಳಲ್ಲಿ ಒಂದೂ ಹಸಿರಾಗಿರಲಿಲ್ಲ. ಚಾಂಪಿಯನ್ ಅಲ್ಲಿಯೇ ನಿಂತು ಆಟದ ಲೆಕ್ಕವನ್ನು ಮಗುವಿಗೆ ಹೇಳುವ ಹಾಗೆ ಹೇಳಿದರು. ಅದನ್ನು ಅವರು ಕಚೇರಿಯ ಭಾಷಣದಲ್ಲೂ ಹೇಳಿದ್ದರು. ಆ ಹೊತ್ತಿಗೆ ಚಿಕ್ಕ ಮುದೀರರು ದಂಡದ ಸುತ್ತಿನ ಆಜ್ಞೆ ಬರೆಸುತ್ತಿದ್ದರು. ಅವರು ಅಲ್ಲೇ ಇದ್ದ ಟೈರಿನ ಮೇಲೆ ಕೂತರು. ಟೋಪಿ ತೆಗೆದರು.

"ಯಾರಿಗೆಲ್ಲ ಗೊತ್ತು?"

"ನನಗೆ ಗೊತ್ತು. ಈ ಹವಾಲ್ದಾರರಿಗೆ ಗೊತ್ತು," ಎಂದರು ಚಾಂಪಿಯನ್. ಹಿಂದಿನ ಸಾಲಿನಲ್ಲಿ ಕೂತು ನಕ್ಕ ಕರಾವಳಿಯ ಹೆಂಗಸರ ಸುದ್ದಿಯನ್ನು ನಾನು ಎತ್ತಲಿಲ್ಲ.

"ಅಪ್ಪನಿಗೆ ತಿಳಿದರೆ..." ಅವರ ದನಿ ಇಳಿಯಿತು. ಆ ಒಂದು ಗಳಿಗೆ ಅವರು ಬೈಸಿಕೊಳ್ಳಲು ನಿಂತ ಶಾಲೆಯ ಹುಡುಗನಂತೆ ಕಂಡರು. "ಜೀವನದಲ್ಲಿ ಅವರು ನನಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು."

ಚಾಂಪಿಯನ್ ಅವರ ಪಕ್ಕದ ಟೈರಿನ ಮೇಲೆ ಕೂತರು. "ಅವರಿಗೆ ತಿಳಿಯಬೇಕಾಗಿಲ್ಲ. ನೀವು ಮುಖ್ಯ ತರಬೇತುದಾರರು. ನಾನು ನಿಮ್ಮ ಸಹಾಯಕಿ. ಮುಖ್ಯ ತರಬೇತುದಾರರಿಗೆ ಸಹಾಯಕಿ ಬೇಡವೇ? ಹಾಲು ಕರೆಯುವ ಸಹಾಯಕಿ ಎಂದು ನನ್ನ ಇಕಾಮಾದಲ್ಲಿ ಅರ್ಧ ಆಗಲೇ ಬರೆದಿದೆ. ಭಾನುವಾರದಿಂದ ಹುಡುಗಿಯರನ್ನು ಕರೆಯೋಣ."

"ಮತ್ತೆ ನಾನು? ಅಪ್ಪ ಒಂದು ದಿನ ಬಂದು ಹೊಡೆದು ತೋರಿಸು ಎನ್ನುತ್ತಾರೆ."

"ನೀವು ಹುಡುಗಿಯರಿಗಿಂತ ಮೊದಲು ಬನ್ನಿ. ನಿಮಗೂ ಕಲಿಸುತ್ತೇನೆ. ತಪ್ಪಿದ ಗುಂಡಿಗೆ ದಂಡದ ಸುತ್ತು, ಎಲ್ಲರಿಗೂ ಇರುವ ಹಾಗೆ. ಹವಾಲ್ದಾರರು ನೋಡಿಕೊಳ್ಳುತ್ತಾರೆ."

ಹಿಂದಿರುಗುವಾಗ, ಇದು ಅನ್ಯಾಯವಲ್ಲವೇ, ಚಿನ್ನ ಗೆದ್ದವರು ಕಣ್ಣು ಮುಚ್ಚಿ ಹೊಡೆಯುವವರ ಕೈಕೆಳಗೆ ಕೆಲಸ ಮಾಡುವುದೇ ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಇಪ್ಪತ್ತು ವರ್ಷ ಬೆನ್ನ ಮೇಲೆ ರೈಫಲ್ ಹೊತ್ತು ಗುಡ್ಡ ಹತ್ತಿದ್ದೇನೆ. ಒಬ್ಬ ಮುದೀರ್ ಎಷ್ಟು ಭಾರ?" ಎಂದರು.

ತರಗತಿ ಶುರುವಾಯಿತು, ಈಗಲೂ ನಡೆಯುತ್ತಿದೆ. ಜಾಹೀರಾತಿನ ಒಂಟೆಯ ಪಕ್ಕದಲ್ಲಿ ಈಗ ಚಿಕ್ಕ ಮುದೀರರು ಜಾರುತ್ತಿದ್ದಾರೆ. ಚಾಂಪಿಯನ್ನರ ಚಿತ್ರವನ್ನು ಸ್ವಲ್ಪ ಸಣ್ಣದು ಮಾಡಿ ಮೂಲೆಗೆ ಹಾಕಿದ್ದಾರೆ. "ಜಾಗ ಸಾಕಾಗಲಿಲ್ಲ ಮಾಸ್ಟ್ರೇ, ಒಂಟೆಯನ್ನು ತೆಗೀಲಿಕ್ಕೆ ಆಗ್ತದಾ?" ಎಂದು ಪ್ರಚಾರದವರು ನನ್ನನ್ನೇ ಕೇಳಿದರು. ಹುಡುಗಿಯರು ಬರುವ ಮೊದಲು ಚಿಕ್ಕ ಮುದೀರರು ಬಂದು ಹೊಡೆಯುತ್ತಾರೆ, ತಪ್ಪುತ್ತಾರೆ, ಓಡುತ್ತಾರೆ. ಒಂದು ಸುತ್ತನ್ನೂ ನಾನು ಬಿಟ್ಟಿಲ್ಲ. ಅವರ ಹೊಟ್ಟೆ ಇಳಿದಿದೆ. ಕಚೇರಿಗೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ. ಮಿಕ್ಕವರಿಗೆ ಅದರಿಂದ ಬಹಳ ತೊಂದರೆಯಾಗಿದೆ.

ತರಗತಿಗೆ ನನ್ನ ಹೆಂಡತಿಯೂ ಮಜ್ಜಿಗೆ ಮಾಡಿಕೊಂಡು ಬರುತ್ತಾಳೆ. ಅವಳೂ ಚಾಂಪಿಯನ್ನರೂ ಕನ್ನಡ ಫ್ರೆಂಚುಗಳಲ್ಲಿ ತಡೆಯಿಲ್ಲದೆ ಮಾತಾಡುತ್ತಾರೆ. ಹುಡುಗಿಯರಲ್ಲಿ ಯಾರಿಗಾದರೂ ಫಲಕದಲ್ಲಿ ಆ ಒಂಟಿ ಚುಕ್ಕೆ ಬಂದರೆ ಚಾಂಪಿಯನ್ "ನೊಣ!" ಎಂದು ಕೂಗುತ್ತಾರೆ. ಹುಡುಗಿಯರೂ "ನೊಣ! ನೊಣ!" ಎಂದು ಕುಣಿಯುತ್ತಾರೆ. ಅವರಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇರೆ ಇಲ್ಲ.

ಮೊನ್ನೆ ಶೇಖ್ ಹೇಳದೆ ಕೇಳದೆ ಬಂದರು. ಗಾಡಿಯಿಂದ ಇಳಿಯುವಾಗಲೇ ಮಗ, ಹುಡುಗಿಯರು ಬಂದರೂ ಸುತ್ತು ಮುಗಿಯದೆ, ದಂಡದ ಹಾದಿಯಲ್ಲಿ ಬೆವರು ಸುರಿಸಿ ಓಡುತ್ತಿದ್ದದ್ದು ಕಂಡಿತು.

"ನೋಡು ಮಾಸ್ಟರ್," ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಐದಕ್ಕೆ ಐದು ಹೊಡೆಯುವವನು. ಆದರೂ ಓಡುವುದನ್ನು ಬಿಟ್ಟಿಲ್ಲ."

"ಹೌದು ಶೇಖ್. ಹೊಡೆದಷ್ಟೂ ಓಡುತ್ತಾರೆ," ಎಂದೆ.

ಆಗಲೇ ಮೊಮ್ಮಗಳು ಹಾದಿಯಿಂದ ಬಂದು ನಿಂತಳು. ಏದುಸಿರು. ಅಜ್ಜ ಬಂದದ್ದನ್ನು ಅವಳು ನೋಡಲಿಲ್ಲ. ಭುಜ ಒಮ್ಮೆ ಎದ್ದು ಇಳಿಯಿತು. ಐದು ಸಲ ಬೆರಳು ಆಡಿತು. ಫಲಕದಲ್ಲಿ ಚುಕ್ಕೆ. ಅವಳು ಎರಡೂ ಕೈ ಎತ್ತಿದಳು. ಅವಳಿಗೆ ಅದು ಮೊದಲನೆಯದು. ಚಾಂಪಿಯನ್ನರೂ ಎರಡು ಕೈ ಎತ್ತಿ ಅವಳನ್ನೇ ನೋಡುತ್ತಾ ನಿಂತರು, ಆ ದಿನ ನಿಂತ ಹಾಗೆಯೇ. ಸುತ್ತ ಹುಡುಗಿಯರ ಗದ್ದಲ.

ಶೇಖ್ ಹತ್ತಿರ ಹೋಗಿ ಮೊಮ್ಮಗಳ ತಲೆ ಸವರಿದರು. "ಪರವಾಗಿಲ್ಲ ಮಗಳೇ. ಕಲಿಯುವಾಗ ಹೀಗಾಗುತ್ತದೆ. ನಿನ್ನ ಮಾವನನ್ನು ನೋಡಿ ಕಲಿ, ನಿನಗೂ ಒಂದು ದಿನ ಐದು ಬರುತ್ತದೆ."

ಹುಡುಗಿ ಅಜ್ಜನ ಮುಖ ನೋಡಿದಳು, ದಂಡದ ಹಾದಿಯಲ್ಲಿ ಓಡುತ್ತಿದ್ದ ಮಾವನನ್ನು ನೋಡಿದಳು, ಆಮೇಲೆ ಚಾಂಪಿಯನ್ನರನ್ನು ನೋಡಿದಳು. ಚಾಂಪಿಯನ್ ಸಣ್ಣಗೆ ತಲೆಯಾಡಿಸಿದರು.

"ಇನ್‌ಶಾಅಲ್ಲಾ, ಅಜ್ಜ," ಎಂದಳು ಅವಳು.

ಶೇಖ್ ನನ್ನ ಕಡೆ ತಿರುಗಿದರು. "ಈ ಮಕ್ಕಳು ಕೂಗುತ್ತಿರುವುದು ಏನು? ನೊಣ, ನೊಣ ಎಂದರೆ?"

ಸೈನ್ಯದಲ್ಲಿಯೂ ಇಲ್ಲಿಯೂ ಮೇಲ್ದರ್ಜೆಯವರು ಕೇಳಿದರೆ ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದವನು. ಆಚೆ ಚಾಂಪಿಯನ್ ನನ್ನನ್ನೇ ನೋಡುತ್ತಿದ್ದರು. ಹಿಮ್ಮಡಿ ಕೂಡಿಸಿ ನಿಂತೆ.

"ಫ್ರೆಂಚ್ ಪದ ಇರಬೇಕು, ಶೇಖ್," ಎಂದೆ.